ಬೇಲ್ (ಒತ್ತಿ ಬಿಗಿದ ಕಟ್ಟು) ಕಟ್ಟಿದ ಒಣಹುಲ್ಲು ಕೊಳ್ಳುವಾಗ ಗುಣಮಟ್ಟ, ಬೆಲೆ ಹೇಗೆ ಅಳೆಯುವುದು?

ಹೊರಗಿನ ಬಣ್ಣ ನೋಡಿ ಬೆಲೆ ಕಟ್ಟಬೇಡಿ. ಬಿಸಿಲು ತಾಗಿದ ಮೇಲ್ಪದರ ಹಳದಿಯಾಗುವುದು ಸಹಜ, ಒಳಗೆ ಹಸಿರಿದೆಯೇ ನೋಡಿ. ಅದಕ್ಕೆ ಒಂದೆರಡು ಬೇಲ್ ಬಿಚ್ಚಿಸಲೇಬೇಕು. ಮಾರುವವರು ಒಪ್ಪದಿದ್ದರೆ ಸುಮ್ನೆ ಬೇರೆ ಕಡೆ ನೋಡಿ.

ಬೇಲ್‌ನ ನಡುವಿಗೆ ಕೈ ತೂರಿಸಿ. ಬೆಚ್ಚಗಿದ್ದರೆ ತೇವ ಇನ್ನೂ ಒಳಗಿದೆ ಎಂದರ್ಥ. ತೇವಾಂಶ ಶೇ. 20 ದಾಟಿದರೆ ಬೂಷ್ಟು ಹಿಡಿಯುತ್ತದೆ, ತೀರಾ ಜಾಸ್ತಿಯಾದರೆ ತಾನಾಗಿ ಕಾವು ಏರಿ ಬೆಂಕಿಯೂ ಹತ್ತಬಹುದು. ಶೇ. 15ರ ಆಸುಪಾಸು ಒಳ್ಳೆಯದು. ಒಂದು ಹಿಡಿ ಎಳೆದು ಮೂಸಿ, ಕೊಡವಿ. ಮುಗ್ಗು ವಾಸನೆ, ಬೂದಿಯಂಥ ದೂಳು ಬಂದರೆ ಬೇಡ. ಕುದುರೆಗೆ, ಗಬ್ಬದ ಹಸುವಿಗೆ ಅಂತೂ ಬೇಡವೇ ಬೇಡ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಎಲೆ. ಪ್ರೋಟೀನ್ ಹೆಚ್ಚಿರುವುದು ಎಲೆಯಲ್ಲಿ, ಕಡ್ಡಿಯಲ್ಲಲ್ಲ. ತೆನೆ ಬಲಿತ ಮೇಲೆ ಕೊಯ್ದ ಹುಲ್ಲು ಗಡುಸಾಗಿ ಕೈಗೆ ಚುಚ್ಚುತ್ತದೆ, ದನ ಅದನ್ನು ಪೂರ್ತಿ ತಿನ್ನುವುದೂ ಇಲ್ಲ. ಹಾಲು ಕೊಡುವ ಹಸುವಿಗೆ ಅದು ಸಾಲದು. ಬತ್ತಿದ ಹಸುವಿಗಾದರೆ ನಡೆಯುತ್ತದೆ.

ಬೆಲೆಯನ್ನು ತೂಕದ ಲೆಕ್ಕದಲ್ಲೇ ಮಾತಾಡಿ. ಒಂದೇ ಅಳತೆಯ ಬೇಲ್ 12 ಕಿಲೋನೂ ಇರಬಹುದು, 20 ಕಿಲೋನೂ ಇರಬಹುದು, ಅಲ್ವಾ? ಜಾಸ್ತಿ ಕೊಳ್ಳುವುದಾದರೆ ಹಲವು ಬೇಲ್‌ಗಳಿಂದ ಸ್ವಲ್ಪ ಸ್ವಲ್ಪ ತೆಗೆದು ಲ್ಯಾಬ್‌ಗೆ ಕಳಿಸಿ, ಪ್ರೋಟೀನ್, ನಾರು ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ.