ಮೊದಲು ಕೋಸಂಬರಿ, ಆಮೇಲೆ ಅನ್ನ

ತುಮಕೂರಿನ ಓದುಗರೊಬ್ಬರ ಪತ್ರ:

“ನಮ್ಮ ಮನೆಯಲ್ಲಿ 5 ಜನ. ದಿನಕ್ಕೆ ಅರ್ಧ ಕೆಜಿ ತರಕಾರಿ ಮಾಡಿದರೂ ಮಿಗುತ್ತದೆ. ಯಜಮಾನರಿಗೆ ಮುದ್ದೆ, ಸಾರು ಇದ್ದರೆ ಸಾಕು. ‘ಸಾರಿನಲ್ಲೇ ತರಕಾರಿ ಇದೆಯಲ್ಲ’ ಎನ್ನುತ್ತಾರೆ. 8 ವರ್ಷದ ಮಗ ಪಲ್ಯವನ್ನು ಕರಿಬೇವಿನ ಜೊತೆ ತಟ್ಟೆಯ ಅಂಚಿಗೆ ತಳ್ಳುತ್ತಾನೆ. 14 ವರ್ಷದ ಮಗಳಿಗೆ ತರಕಾರಿ ಅಂದರೆ ಆಲೂಗಡ್ಡೆ ಮಾತ್ರ. ಅತ್ತೆಗೆ ಹಲ್ಲಿಲ್ಲ, ಅಗಿಯಲು ಆಗುವುದಿಲ್ಲ. ಬೀಟ್‌ರೂಟ್ ರುಬ್ಬಿ ಹಿಟ್ಟಿಗೆ ಸೇರಿಸಿ, ಗುಲಾಬಿ ದೋಸೆ ಎಂದು ಹೇಳಿ ಎರಡು ದಿನ ತಿನ್ನಿಸಿದೆ. ಮೂರನೇ ದಿನ ಮಗ ಮಿಕ್ಸಿ ಜಾರ್ ನೋಡಿಬಿಟ್ಟ. ಈಗ ದೋಸೆಯನ್ನೂ ಮುಟ್ಟುತ್ತಿಲ್ಲ. ಏನು ಮಾಡಲಿ?”

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರವನ್ನು ಕಚೇರಿಯಲ್ಲಿ ಜೋರಾಗಿ ಓದಿದೆವು. ಮಿಕ್ಸಿ ಜಾರ್ ಬಂದಾಗ ಎಲ್ಲರೂ ನಕ್ಕರು. ಕ್ಷಮಿಸಿ. ನಕ್ಕವರಲ್ಲಿ ಇಬ್ಬರು ತಮ್ಮ ಮನೆಯಲ್ಲೂ ಇದನ್ನೇ ಮಾಡಿ ಸಿಕ್ಕಿಬಿದ್ದವರು.

ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮಗ ಮದುವೆ ಊಟದಲ್ಲಿ ಹೇಗೆ ತಿನ್ನುತ್ತಾನೆ, ಗಮನಿಸಿದ್ದೀರಾ? ಎಲೆ ಹಾಕುತ್ತಾರೆ. ಉಪ್ಪು ಬರುತ್ತದೆ, ಕೋಸಂಬರಿ ಬರುತ್ತದೆ, ಪಲ್ಯ ಬರುತ್ತದೆ. ಅನ್ನದ ಸುಳಿವಿಲ್ಲ. ಹೊಟ್ಟೆ ಚುರುಗುಟ್ಟುತ್ತಿರುತ್ತದೆ. ಮಕ್ಕಳು ಸುಮ್ನೆ ಕೂರುವುದಿಲ್ಲ. ಕೋಸಂಬರಿಗೆ ಕೈ ಹಾಕುತ್ತಾರೆ, ಪಲ್ಯ ನೆಕ್ಕಿ ನೋಡುತ್ತಾರೆ. ಅನ್ನದ ಬುಟ್ಟಿ ಬರುವ ಹೊತ್ತಿಗೆ ಅರ್ಧ ಎಲೆ ಖಾಲಿ. ಯಾರೂ ‘ತಿನ್ನು ಪುಟ್ಟ’ ಎಂದು ಬೇಡಿಕೊಂಡಿರುವುದಿಲ್ಲ.

ಮನೆಯಲ್ಲಿ ನಾವು ಇದನ್ನು ತಿರುಗುಮುರುಗು ಮಾಡಿದ್ದೇವೆ. ತಟ್ಟೆಗೆ ಮೊದಲು ಅನ್ನ ಅಥವಾ ಮುದ್ದೆ, ಅದರ ಮೇಲೆ ಸಾರು, ಕೊನೆಗೆ ಪಕ್ಕದಲ್ಲಿ ನೆಂಚಿಕೊಳ್ಳಲು ಒಂದು ಚಮಚ ಪಲ್ಯ. ಹಸಿವು ಇಂಗಿದ ಮೇಲೆ ಯಾರಿಗೆ ಬೇಕು ಹೀರೆಕಾಯಿ? ನನ್ನ ಪ್ರಕಾರ ನಿಮ್ಮ ಮನೆಯವರ ನಾಲಿಗೆ ಕೆಟ್ಟಿಲ್ಲ. ಬಡಿಸುವ ಸರದಿ ಕೆಟ್ಟಿದೆ.

ಹಾಗಾಗಿ ಮೊದಲ ಎರಡು ವಾರ ಹೊಸ ಅಡುಗೆ ಏನೂ ಬೇಡ. ರಾತ್ರಿ ಊಟಕ್ಕೆ ಹತ್ತು ನಿಮಿಷ ಮೊದಲು ಒಂದು ಬಟ್ಟಲು ಕೋಸಂಬರಿ ತಂದು ಮಧ್ಯದಲ್ಲಿ ಇಡಿ. ಹೆಸರುಬೇಳೆ ಒಂದು ಗಂಟೆ ನೆನೆದರೆ ಸಾಕು. ಸೌತೆಕಾಯಿ ಸಣ್ಣಗೆ ಹೆಚ್ಚಿ, ಕಾಯಿತುರಿ, ಸಾಸಿವೆ-ಇಂಗಿನ ಒಗ್ಗರಣೆ, ನಿಂಬೆರಸ. ಉಪ್ಪು ಮಾತ್ರ ಬಡಿಸುವ ಹೊತ್ತಿಗೆ ಹಾಕಿ, ಇಲ್ಲದಿದ್ದರೆ ಸೌತೆಕಾಯಿ ನೀರು ಬಿಟ್ಟು ಬಟ್ಟಲು ಕೆರೆಯಾಗುತ್ತದೆ. ಮರುದಿನ ಕ್ಯಾರೆಟ್, ಅದರ ಮರುದಿನ ಮೂಲಂಗಿ. ‘ತಿನ್ನಿ’ ಎಂದು ಹೇಳಬೇಡಿ. ಅಡುಗೆಮನೆಗೆ ಹೋಗಿ ಪಾತ್ರೆಗಳ ಸದ್ದು ಮಾಡುತ್ತಿರಿ. ಅನ್ನ ಇನ್ನೂ ಆಗಿಲ್ಲ ಎಂಬ ಭಾವನೆ ಬರಲಿ. ಇದು ಮೋಸ ಅಂತೀರಾ? ಮದುವೆ ಮನೆಯ ಬಡಿಸುವವರು ಮಾಡುವುದೂ ಇದನ್ನೇ ಅಲ್ವಾ!

ಈ ಸರದಿ ನಮ್ಮ ಕಡೆಯದು ಮಾತ್ರ ಅಲ್ಲ. ಮಲೆನಾಡಿನ ಹವ್ಯಕರ ಮನೆಗಳಲ್ಲಿ ಊಟದ ಮೊದಲ ತುತ್ತಿಗೆ ತಂಬುಳಿ. ದೊಡ್ಡಪತ್ರೆಯೋ ಒಂದೆಲಗವೋ, ಜೀರಿಗೆ, ಕಾಳುಮೆಣಸು, ಕಾಯಿ ಹಾಕಿ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಆಯಿತು. ಉತ್ತರ ಕರ್ನಾಟಕದ ಖಾನಾವಳಿಯಲ್ಲಿ ಕೂತರೆ ಜೋಳದ ರೊಟ್ಟಿಯ ಪಕ್ಕದಲ್ಲೇ ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಉಳ್ಳಾಗಡ್ಡಿ, ಕೆಲವು ಕಡೆ ಹಕ್ಕರಕಿ ಸೊಪ್ಪು. ಅಲ್ಲಿ ಯಾರೂ ಅದನ್ನು ಸಲಾಡ್ ಎಂದು ಕರೆದು ಭಯ ಹುಟ್ಟಿಸುವುದಿಲ್ಲ. ಖಾರದ ಎಣಗಾಯಿ ನಡುವೆ ಕಚ್ಚಿಕೊಳ್ಳಲು ಅದು ಬೇಕೇ ಬೇಕು.

ಈಗ ಯಜಮಾನರ ವಿಷಯ. ‘ಸಾರಿನಲ್ಲೇ ತರಕಾರಿ ಇದೆ’ ಎಂಬ ಮಾತು ಪೂರ್ತಿ ಸುಳ್ಳಲ್ಲ. ಒಂದು ಸೌಟಿಗೆ ನಾಲ್ಕು ಹೋಳು ಬರುತ್ತದೆ, ಅಷ್ಟೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ ದಿನಕ್ಕೆ 2000 ಕ್ಯಾಲೊರಿ ಊಟ ಮಾಡುವವರಿಗೆ ಸೊಪ್ಪೂ ಸೇರಿ 400 ಗ್ರಾಂ ತರಕಾರಿ ಬೇಕು. ಮಗಳಿಗೆ ಹೇಳಿ, ಆಲೂಗಡ್ಡೆ ಈ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಮನೆಯ ಅರ್ಧ ಕೆಜಿಯನ್ನು ಐದು ಜನಕ್ಕೆ ಹಂಚಿದರೆ ತಲೆಗೆ 100 ಗ್ರಾಂ. ಅದರಲ್ಲೂ ಮಿಗುತ್ತದೆ ಎನ್ನುತ್ತೀರಿ. ಗಾಬರಿ ಬೇಡ. ನಾಳೆಯೇ ಎರಡು ಕೆಜಿ ತಂದರೆ ಅದು ಫ್ರಿಜ್ಜಿನಲ್ಲಿ ಕೊಳೆಯುತ್ತದೆ, ನಿಮಗೆ ಸಿಟ್ಟು ಬರುತ್ತದೆ. ಈ ತಿಂಗಳು ಮುಕ್ಕಾಲು ಕೆಜಿ ಖಾಲಿಯಾದರೆ ಅದೇ ದೊಡ್ಡದು.

ಮುದ್ದೆ ಇಷ್ಟ ಎಂದಿರಲ್ಲ, ಅರ್ಧ ಕೆಲಸ ಅಲ್ಲೇ ಆಯಿತು. ಬಸ್ಸಾರು ಮಾಡಿ. ವಾರಕ್ಕೆ ಒಂದಲ್ಲ, ಎರಡು ಸಲ. ದಂಟಿನ ಸೊಪ್ಪೋ, ಸಬ್ಬಸಿಗೆಯೋ, ಬೆರಕೆ ಸೊಪ್ಪೋ, ಜೊತೆಗೆ ಒಂದು ಹಿಡಿ ಕಾಳು ಬೇಯಿಸಿ ಬಸಿಯುತ್ತೀರಿ. ಬಸಿದ ಕಟ್ಟು ಸಾರಾಗುತ್ತದೆ, ಮೇಲೆ ಉಳಿದದ್ದು ಪಲ್ಯವಾಗುತ್ತದೆ. ಸಾರು ಬೇಕು ಎನ್ನುವವರಿಗೆ ಪಲ್ಯ ತಾನಾಗಿಯೇ ಗಂಟುಬೀಳುತ್ತದೆ. ಅದಿಲ್ಲದ ದಿನ ಮಸ್ಸೊಪ್ಪು. ಇಷ್ಟು ಜಾಣತನದ ಅಡುಗೆ ನಿಮ್ಮ ಸೀಮೆಯಲ್ಲೇ ಇರುವಾಗ ಮೊಬೈಲಿನಲ್ಲಿ ಬ್ರಾಕೊಲಿ ಸೂಪ್ ಹುಡುಕುವುದು ಯಾಕೆ? (ಬ್ರಾಕೊಲಿ ಮೇಲೆ ನನಗೆ ದ್ವೇಷವಿಲ್ಲ. ಅದರ ಬೆಲೆಯ ಮೇಲೆ ಇದೆ.)

ಇನ್ನೊಂದು ಕೆಲಸವನ್ನೂ ಅವರಿಗೆ ವಹಿಸಿ. ಸೊಪ್ಪು ಬಿಡಿಸುವುದು. ಟಿವಿ ಮುಂದೆ ಕೂತು ಮಾಡಬಹುದಾದ ಕೆಲಸ. ತಾನೇ ಅರ್ಧ ಗಂಟೆ ಬಿಡಿಸಿದ ಸೊಪ್ಪನ್ನು ಬೇಡ ಎನ್ನುವ ಗಂಡಸನ್ನು ನಾನು ಇನ್ನೂ ನೋಡಿಲ್ಲ. ಬಿಡಿಸಿದ್ದನ್ನು ತೊಳೆಯದೆ ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ಬಾಳುತ್ತದೆ. ತೊಳೆಯುವುದು ಬೇಯಿಸುವ ಮುಂಚೆ.

ಸ್ವಲ್ಪ ಕಹಿ ಮಾತು ಈಗ. ಬೈಕೊಳ್ಳಬೇಡಿ. ತರಕಾರಿ ಮಿಗುವ ಅನೇಕ ಮನೆಗಳಲ್ಲಿ ತಪ್ಪು ತಿನ್ನುವವರದ್ದಲ್ಲ, ಕುಕ್ಕರಿನದ್ದು. ಬೇಳೆಯ ಜೊತೆಗೇ ಹಾಕಿ ಮೂರು ಕೂಗು ಕೂಗಿಸಿದ ಹುರುಳಿಕಾಯಿ ತರಕಾರಿಯಾಗಿ ಉಳಿದಿರುವುದಿಲ್ಲ. ಬಣ್ಣ ಹೋಗಿ ಬೂದಿ, ಬೆರಳಲ್ಲಿ ಒತ್ತಿದರೆ ಹಿಸುಕು. ಎಲೆಕೋಸು ಜಾಸ್ತಿ ಬೆಂದರೆ ಅದರೊಳಗಿನ ಗಂಧಕದ ಅಂಶ ವಾಸನೆಯಾಗಿ ಮನೆ ತುಂಬುತ್ತದೆ. ಆ ವಾಸನೆಗೆ ಮೂಗು ಮುಚ್ಚಿಕೊಳ್ಳುವ ಮಗುವನ್ನು ನಾನಂತೂ ಬೈಯಲಾರೆ. ಬೇಳೆ ಮಾತ್ರ ಕುಕ್ಕರಿಗೆ ಹಾಕಿ. ತರಕಾರಿಯನ್ನು ಬೇರೆ ಬಾಣಲೆಯಲ್ಲಿ ಬೇಯಿಸಿ, ಕೊನೆಗೆ ಬೇಳೆಗೆ ಸೇರಿಸಿ. ಬೀನ್ಸ್ ಪಲ್ಯಕ್ಕೆ ಮುಚ್ಚಳ ತೆಗೆದೇ ಬೇಯಿಸಿದರೆ ಹಸಿರು ಉಳಿಯುತ್ತದೆ. ಬೆಂಡೆಕಾಯಿಯನ್ನು ತೊಳೆದು, ಒರೆಸಿ, ಪೂರ್ತಿ ಒಣಗಿದ ಮೇಲೆ ಹೆಚ್ಚಿ. ಹುರಿಯುವಾಗ ಚೂರು ಹುಣಸೆರಸ ಬಿದ್ದರೆ ಲೋಳೆ ಕಡಿಮೆಯಾಗುತ್ತದೆ. ನಾನು 20 ವರ್ಷ ಪಡವಲಕಾಯಿಯನ್ನು ದ್ವೇಷಿಸಿದೆ. ಹಾಸ್ಟೆಲಿನಲ್ಲಿ ಬೆಂದು ನೀರಾದ ಪಡವಲಕಾಯಿ ಬಿಟ್ಟು ಬೇರೆ ನೋಡಿಯೇ ಇರಲಿಲ್ಲ. ಆಮೇಲೆ ಚಿಕ್ಕಮ್ಮನ ಮನೆಯಲ್ಲಿ ಕಡಲೆಬೇಳೆ ಹಾಕಿದ, ಇನ್ನೂ ಸ್ವಲ್ಪ ಕರುಂ ಎನ್ನುವ ಪಲ್ಯ ತಿಂದೆ. ಎರಡನೇ ಸಲ ಹಾಕಿಸಿಕೊಂಡೆ.

ಅತ್ತೆಯವರಿಗೆ ಮಾತ್ರ ಈ ಕರುಂ ಕುರುಂ ಬೇಡ. ಅವರಿಗೆ ಸೋರೆಕಾಯಿ, ಬೂದುಗುಂಬಳದ ಮಜ್ಜಿಗೆ ಹುಳಿ, ಮಸ್ಸೊಪ್ಪು ಸಾಕು. ಮೂತ್ರಪಿಂಡದ ತೊಂದರೆ ಇದ್ದರೆ ಅಥವಾ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸೊಪ್ಪು ಹೆಚ್ಚು ಮಾಡುವ ಮೊದಲು ಡಾಕ್ಟರರನ್ನು ಒಂದು ಮಾತು ಕೇಳಿ.

ಮಗನ ಬಗ್ಗೆ. ಮಕ್ಕಳ ನಾಲಿಗೆಗೆ ಕಹಿ ನಮಗಿಂತ ಜಾಸ್ತಿ ತಾಗುತ್ತದೆ. ಅವನು ನಾಟಕ ಮಾಡುತ್ತಿಲ್ಲ. ಹೊಸ ರುಚಿ ಒಗ್ಗಲು ಮಕ್ಕಳಿಗೆ 8ರಿಂದ 15 ಸಲ ರುಚಿ ನೋಡಬೇಕಾಗಬಹುದು ಎಂದು ಈ ಬಗ್ಗೆ ಅಧ್ಯಯನ ಮಾಡಿದವರು ಹೇಳುತ್ತಾರೆ. ನಾವು ಮೂರನೇ ಸಲಕ್ಕೇ ‘ಇವನಿಗೆ ಬದನೆ ಆಗಲ್ಲ’ ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಅದೂ ನೆಂಟರ ಮುಂದೆ. ಆಮೇಲೆ ಆ ಹೆಸರು ಉಳಿಸಿಕೊಳ್ಳುವುದು ಅವನ ಕೆಲಸವಾಗುತ್ತದೆ. ತಟ್ಟೆಗೆ ಒಂದೇ ಹೋಳು ಹಾಕಿ. ತಿಂದರೆ ಹೊಗಳಬೇಡಿ, ಬಿಟ್ಟರೆ ಬೈಯಬೇಡಿ. ‘ಪಲ್ಯ ತಿಂದರೆ ಚಾಕೊಲೇಟ್’ ಎಂಬ ವ್ಯಾಪಾರವಂತೂ ಬೇಡವೇ ಬೇಡ. ಲಂಚ ಕೊಟ್ಟು ತಿನ್ನಿಸಬೇಕಾದ ವಸ್ತು ಕೆಟ್ಟದ್ದೇ ಇರಬೇಕು ಎಂದು 8 ವರ್ಷದವನಿಗೆ ಚೆನ್ನಾಗಿ ಗೊತ್ತು.

ಮಗಳಿಗೆ ಅಂಗಡಿ ಚೀಲ ಕೊಡಿ. ಭಾನುವಾರದ ಸಂತೆಗೆ ಅವಳೇ ಹೋಗಲಿ. ವಾರಕ್ಕೆ ಎರಡು ತರಕಾರಿ ಅವಳ ಆಯ್ಕೆ, ಒಂದೇ ಷರತ್ತು, ಆಲೂಗಡ್ಡೆ ಅಲ್ಲ. ಏನು ಅಡುಗೆ ಎಂಬುದನ್ನೂ ಅವಳೇ ಹೇಳಲಿ. ಮೊದಲ ವಾರ ಗೋಬಿ ಮಂಚೂರಿ ಎನ್ನುತ್ತಾಳೆ. ಒಪ್ಪಿಕೊಳ್ಳಿ.

ಇನ್ನು ಆ ದೋಸೆ. ತರಕಾರಿ ಬೆರೆಸುವುದನ್ನು ನಾನು ತಪ್ಪು ಎನ್ನುವುದಿಲ್ಲ, ಬಚ್ಚಿಡುವುದು ತಪ್ಪು. ಸಬ್ಬಸಿಗೆ ಸೊಪ್ಪಿನ ಅಕ್ಕಿ ರೊಟ್ಟಿಯಲ್ಲಿ ಸೊಪ್ಪು ಕಣ್ಣಿಗೆ ಕಾಣುತ್ತದೆ, ಮೂಗಿಗೂ ಬರುತ್ತದೆ. ಎಲ್ಲರೂ ಗೊತ್ತಿದ್ದೇ ತಿನ್ನುತ್ತಾರೆ. ನಿಮ್ಮ ಗುಲಾಬಿ ದೋಸೆಯಲ್ಲಿ ಅವನಿಗೆ ಬೀಟ್‌ರೂಟ್‌ಗಿಂತ ಜಾಸ್ತಿ ಕಹಿಯಾಗಿದ್ದು ಅಮ್ಮ ಹೇಳಿದ ಸುಳ್ಳು. ಅವನನ್ನು ಕರೆದು, ‘ಹೇಳದೆ ಹಾಕಿದ್ದು ತಪ್ಪಾಯ್ತು ಕಣೋ’ ಎಂದುಬಿಡಿ. ನಂತರ ಅವನ ಎದುರಿಗೇ ಹಿಟ್ಟು ಹುಯ್ಯಿರಿ. ಬೀಟ್‌ರೂಟ್ ಮಾತು ಎರಡು ತಿಂಗಳು ಎತ್ತಬೇಡಿ. ಅಲ್ಲಿಯವರೆಗೆ ನಿಮ್ಮ ಮನೆಯ ದೋಸೆ ಬೆಳ್ಳಗೇ ಇರಲಿ.