‘ಉಪಕರಣ’ ಅಂದರೆ ಯಾವುದು?

ಪಡುಬಿದ್ರಿ ಹತ್ತಿರದ ಅಪಘಾತದ ರಾತ್ರಿ ಬಗ್ಗೆ ನೀವು ಕಳಿಸಿದ ಬರಹವನ್ನು ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ. ಮಳೆಯ ವಿವರವೂ ಹಿಡಿಸಿತು. ಆದರೆ ಮೂರನೇ ಪ್ಯಾರಾ ದಾಟಲು ನನ್ನಿಂದ ಆಗಲಿಲ್ಲ.

“ಆತ ತನ್ನ ನಾಲಿಗೆಯನ್ನೇ ನುಂಗಿಕೊಂಡಿದ್ದ.” ನಾಲಿಗೆಯನ್ನು ಯಾರೂ ನುಂಗುವುದಿಲ್ಲ. ಪ್ರಜ್ಞೆ ತಪ್ಪಿದಾಗ ಸ್ನಾಯು ಸಡಿಲವಾಗುತ್ತದೆ. ಅಂಗಾತ ಮಲಗಿದವರ ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಚುತ್ತದೆ. ಕ್ಯಾಜುವಲ್ಟಿಯಲ್ಲಿ ಕೆಲಸ ಮಾಡುವ ನಿಮಗೆ ಇದು ಗೊತ್ತು, ಓದುವವರಿಗೆ ಗೊತ್ತಿಲ್ಲ. ಈ ಸಾಲು ನಂಬಿದವರು ನಾಳೆ ಫಿಟ್ಸ್ ಬಂದವರ ಬಾಯಿಗೆ ಚಮಚ ತುರುಕುತ್ತಾರೆ. ಹಲ್ಲು ಮುರಿದು ಗಂಟಲಿಗೆ ಹೋದರೆ? ನನಗೆ ಸಿಟ್ಟು ಬಂದದ್ದು ಇದಕ್ಕೇ.

ಮುಂದಿನ ಸಾಲು: “ತಕ್ಷಣ ಬಾಯಿಗೆ ಉಪಕರಣವನ್ನು ಅಳವಡಿಸಲಾಯಿತು.” ಯಾವ ಉಪಕರಣ? ಅಳವಡಿಸಿದ್ದು ಯಾರು? ಜೊತೆಗಿಟ್ಟ ಪತ್ರದಲ್ಲಿ ನೀವೇ ಬರೆದಿದ್ದೀರಲ್ಲ, “ಗೆಡೆಲ್ ಏರ್‌ವೇ ಕೆನ್ನೆಗೆ ಹಿಡಿದು ನೋಡಿದೆ, ಮೊದಲನೆಯದು ಚಿಕ್ಕದಾಯಿತು” ಅಂತ. ನಾಲಿಗೆ ಹಿಂದಕ್ಕೆ ಜಾರದಂತೆ ಬಾಯಿಯೊಳಗೆ ಇಡುವ ಆ ಬಾಗಿದ ಕೊಳವೆ ಬರಹದಲ್ಲಿ ಯಾಕಿಲ್ಲ? ಬಾಯಿಯ ಮೂಲೆಯಿಂದ ದವಡೆಯ ಕೋನದವರೆಗೆ ಅಳೆದದ್ದು ಬರಲಿ. ಚಿಕ್ಕದು ಹಾಕಿದ್ದರೆ ಅದೇ ನಾಲಿಗೆಯನ್ನು ಇನ್ನೂ ಹಿಂದಕ್ಕೆ ತಳ್ಳುತ್ತಿತ್ತು ಎಂಬುದೂ ಬರಲಿ. ಕತ್ತು ಅಲ್ಲಾಡಿಸದೆ ದವಡೆ ಮಾತ್ರ ಮುಂದಕ್ಕೆ ಎತ್ತಿದ್ದು, ಏರ್‌ವೇಯನ್ನು ತಲೆಕೆಳಗಾಗಿ ಒಳಗೆ ಬಿಟ್ಟು ಅರ್ಧ ಸುತ್ತು ತಿರುಗಿಸಿದ್ದು, ಅವನಿಗೆ ಓಕರಿಕೆ ಬರುತ್ತದಾ ಅಂತ ಕಾದದ್ದು. ಬಂದಿದ್ದರೆ ಕೂಡಲೇ ತೆಗೆಯಬೇಕಿತ್ತು, ಅಲ್ವಾ? ಆರ್ಥರ್ ಗೆಡೆಲ್ ಇದನ್ನು 1933ರಲ್ಲಿ ಪ್ರಕಟಿಸಿದ್ದು ಅಂತ ಬರೆಯದಿದ್ದರೂ ನಡೆಯುತ್ತದೆ. ನಿಮ್ಮ ಕೈ ಏನು ಮಾಡಿತು ಅನ್ನುವುದು ಬೇಕೇ ಬೇಕು.

ನಾನು ಮಂಗಳೂರಿನಲ್ಲಿ ಪತ್ರಿಕೆ ಸೇರಿದ ಹೊಸತು. “ಯಂತ್ರ ಕೆಟ್ಟು ದೋಣಿ ಅಪಾಯಕ್ಕೆ ಸಿಲುಕಿತು” ಅಂತ ಬರೆದಿದ್ದೆ. ಹಿರಿಯ ಉಪಸಂಪಾದಕರು “ಯಾವ ಯಂತ್ರ ಮಾರಾಯ?” ಅಂದರು. ನನ್ನ ಬಳಿ ಉತ್ತರ ಇರಲಿಲ್ಲ. ಆ ಮಧ್ಯಾಹ್ನವೇ ದೋಣಿಗಳು ನಿಲ್ಲುವ ದಕ್ಕೆಗೆ ಓಡಿಸಿದರು. ದೋಣಿ ನಡೆಸುವ ತಂಡೇಲರು ಅಂಗೈ ಬಿಚ್ಚಿ ಹಸಿರು ಬಲೆಯ ಒಂದು ಚೂರು ತೋರಿಸಿದರು. ನೀರು ಹೊರಹಾಕುವ ಪಂಪಿನ ಬಾಯಿಗೆ ಸಿಕ್ಕಿಕೊಂಡದ್ದು ಅಷ್ಟೇ. ವಾಪಸ್ ಬಂದು ಮೊದಲಿನಿಂದ ಬರೆದೆ. ‘ಯಂತ್ರ’ ಎಂಬ ಪದ ಎಲ್ಲೂ ಬರಲಿಲ್ಲ.

ಉಳಿದ ಪುಟಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಈ ಪ್ಯಾರಾ ಮತ್ತೆ ಬರೆದು ಕಳಿಸಿ. ಅವನ ಗಂಟಲಿನ ಗೊರಗೊರ ನಿಂತಾಗ ವಾರ್ಡಿನಲ್ಲಿ ಬೇರೇನು ಕೇಳಿಸಿತು, ಅದನ್ನೂ ಸೇರಿಸಿ. ಮುಂದಿನ ತಿಂಗಳು ಎರಡು ಪುಟ ಖಾಲಿ ಇಟ್ಟಿರುತ್ತೇನೆ.