ಕಸ್ಟಮ್ ಕಾರಿನ ಇಂಜೆಕ್ಷನ್ ಇಂಜಿನ್‌ಗೆ ಟೈಮಿಂಗ್ ಎಷ್ಟು ಡಿಗ್ರಿ ಇಡಬೇಕು? ಡಿಸ್ಟ್ರಿಬ್ಯೂಟರ್ ತಿರುಗಿಸಬೇಕಾ, ಲ್ಯಾಪ್‌ಟಾಪ್‌ನಲ್ಲಿ ಬದಲಿಸಬೇಕಾ?

ಸದ್ಯಕ್ಕೆ ಎರಡೂ ಬೇಡ. ಟೈಮಿಂಗ್ ಅಂದರೆ ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ ಎಷ್ಟು ಡಿಗ್ರಿ ಮೊದಲು ಕಿಡಿ ಹಾರಬೇಕು ಅನ್ನುವ ಲೆಕ್ಕ. ಲ್ಯಾಪ್‌ಟಾಪ್ ಮುಚ್ಚಿಡಿ, ಕಿಡಿಯನ್ನು ಒಂದೊಂದೇ ಸಿಲಿಂಡರ್‌ಗೆ ಹಂಚುವ ಡಿಸ್ಟ್ರಿಬ್ಯೂಟರ್‌ನ ಬೋಲ್ಟನ್ನೂ ಮುಟ್ಟಬೇಡಿ.

ಎರಡು ಇಂಜಿನ್‌ಗಳ ಭಾಗ ಸೇರಿಸಿ ಕಟ್ಟಿದ್ದು, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಬೇರೆ ತಂದು ಹಾಕಿದ್ದು, ಐಡ್ಲಿಂಗ್‌ನಲ್ಲಿ ಟೈಮಿಂಗ್ ಲೈಟ್ (ಕಿಡಿ ಹಾರಿದಾಗಲೆಲ್ಲ ಮಿಂಚುವ ದೀಪ) 10 ಡಿಗ್ರಿ ತೋರಿಸುತ್ತದೆ, ಸ್ಕ್ರೀನ್‌ನಲ್ಲೂ 10 ಇದೆ ಅಂತ ಬರೆದಿದ್ದೀರಿ. ಕೊನೆಯಲ್ಲಿ, ಇಂಜಿನ್ ಬಿಸಿಯಾದ ಮೇಲೆ ಸೆಲ್ಫ್ ಹೊಡೆದರೆ ಒಮ್ಮೊಮ್ಮೆ ಹಿಂದಕ್ಕೆ ಒದ್ದ ಹಾಗೆ ಆಗುತ್ತದೆ ಅಂತಲೂ ಇದೆ. ನಿಮ್ಮ ಇಡೀ ಪ್ರಶ್ನೆಯಲ್ಲಿ ಅತಿ ಮುಖ್ಯವಾದ ಸಾಲು ಅದೇ. ನನ್ನ ಇಂಜಿನ್ ಕೂಡ ಪಿಸ್ಟನ್ ಮುರಿಯುವ ಮುಂಚೆ ಹೀಗೇ ಮಾಡುತ್ತಿತ್ತು.

ನನ್ನದೂ ಜೋಡಣೆ ಇಂಜಿನ್. ಬ್ಲಾಕ್ ಮತ್ತು ಮುಂದಿನ ಕವರ್ ಒಂದು ಇಂಜಿನ್‌ನದು. ಕ್ರ್ಯಾಂಕ್ ಪುಲ್ಲಿ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್‌ನ ಮುಂದಿನ ಚಕ್ರ) ಇನ್ನೊಂದರದು. ಎರಡೂ ಒಂದೇ ಮಾದರಿ, ವರ್ಷ ಮಾತ್ರ ಬೇರೆ. ಬೋಲ್ಟ್ ಸರಿಯಾಗಿ ಕೂತಿತು, ಬೆಲ್ಟ್ ನೇರವಾಗಿ ಓಡಿತು. ಕವರ್ ಮೇಲೆ ಸೂಚಿ ಇತ್ತು, ಪುಲ್ಲಿ ಮೇಲೆ ಗೀಟು ಇತ್ತು. ಲೈಟ್ ಹಿಡಿದೆ, 10 ಡಿಗ್ರಿ ಬಂತು. ಇಸಿಯುದಲ್ಲೂ 10. ಟೈಮಿಂಗ್ ಮುಗಿಯಿತು ಅಂದುಕೊಂಡೆ.

ತಪ್ಪಿದ್ದು ಇಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದೇ ಜಾಗದಲ್ಲಿ ನಿಂತಿದ್ದೀರಿ. ಟೈಮಿಂಗ್ ಲೈಟ್‌ಗೆ ಪಿಸ್ಟನ್ ಕಾಣುವುದಿಲ್ಲ. ಕಿಡಿ ಹಾರಿದ ಕ್ಷಣದಲ್ಲಿ ಪುಲ್ಲಿಯ ಗೀಟು ಸೂಚಿಯಿಂದ ಎಷ್ಟು ದೂರ ಇದೆ ಅನ್ನುವುದಷ್ಟೇ ಅದು ತೋರಿಸುವುದು. ಗೀಟು ಮತ್ತು ಸೂಚಿ ಎರಡೂ ಸೇರಿದಾಗ ಒಂದನೇ ಪಿಸ್ಟನ್ ನಿಜವಾಗಿಯೂ ಮೇಲ್ತುದಿಯಲ್ಲಿ, ಅಂದರೆ ಟಿಡಿಸಿಯಲ್ಲಿ ಇದ್ದರೆ ಮಾತ್ರ ಆ 10ಕ್ಕೆ ಅರ್ಥ. ಕಂಪನಿಗಳು ಒಂದೇ ಇಂಜಿನ್ ಕುಟುಂಬದಲ್ಲೂ ಸೂಚಿಯ ಜಾಗವನ್ನು, ಗೀಟಿನ ಜಾಗವನ್ನು ವರ್ಷದಿಂದ ವರ್ಷಕ್ಕೆ ಬದಲಿಸಿವೆ. ಆಯಾ ವರ್ಷದ ಕವರ್‌ಗೆ ಆಯಾ ವರ್ಷದ ಪುಲ್ಲಿ ಹಾಕಿದರೆ ಲೆಕ್ಕ ಸರಿ. ಬೆರೆಸಿದರೆ ಸೊನ್ನೆಯೇ ಸುಳ್ಳು. ನನ್ನದರಲ್ಲಿ ಸೊನ್ನೆ ಸುಮಾರು 8 ಡಿಗ್ರಿ ಸರಿದಿತ್ತು, ಅದೂ ಕೆಟ್ಟ ಕಡೆಗೆ. ಲೈಟ್ 10 ಅಂದಾಗ ಇಂಜಿನ್ ನಿಜಕ್ಕೂ 18ರಲ್ಲಿ ಕಿಡಿ ಹಾರಿಸುತ್ತಿತ್ತು.

ಐಡ್ಲಿಂಗ್‌ನಲ್ಲಿ 18 ಡಿಗ್ರಿ ಏನೂ ತೊಂದರೆ ಮಾಡುವುದಿಲ್ಲ. ಇಂಜಿನ್ ಇನ್ನೂ ನಯವಾಗಿಯೇ ಓಡುತ್ತದೆ. ಕೆಳಗಿನ ಆರ್‌ಪಿಎಂನಲ್ಲಿ ಪಿಕಪ್ ಚೆನ್ನಾಗಿತ್ತು, ಖುಷಿಯೂ ಆಯಿತು. ಆದರೆ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಮ್ಯಾಪ್‌ನಲ್ಲಿ (ಇಸಿಯುವಿನ ಟೈಮಿಂಗ್ ಪಟ್ಟಿಯಲ್ಲಿ) 30 ಅಂತಿದ್ದರೆ ಸಿಲಿಂಡರ್‌ಗೆ 38 ಹೋಗುತ್ತಿತ್ತು. ಉರಿಯ ಒತ್ತಡ ಟಿಡಿಸಿ ದಾಟಿ ಸುಮಾರು 15 ಡಿಗ್ರಿ ಆದ ಮೇಲೆ ತುದಿ ಮುಟ್ಟಿದರೆ ಪಿಸ್ಟನ್ ಚೆನ್ನಾಗಿ ತಳ್ಳುತ್ತದೆ. ಕಿಡಿ ಮೊದಲೇ ಹಾರಿದರೆ ಪಿಸ್ಟನ್ ಮೇಲೇರುತ್ತಿರುವಾಗಲೇ ಒತ್ತಡ ಏರುತ್ತದೆ. ಮೂಲೆಯಲ್ಲಿ ಇನ್ನೂ ಉರಿಯದೆ ಉಳಿದ ಮಿಶ್ರಣ ಆ ಬಿಸಿಗೆ, ಆ ಒತ್ತಡಕ್ಕೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅದೇ ನಾಕಿಂಗ್.

ನನಗೆ ಅದು ಕೇಳಿಸಲಿಲ್ಲ. ಸೈಲೆನ್ಸರ್ ಸದ್ದು ಜಾಸ್ತಿ ಇತ್ತು. ಬ್ಲಾಕ್‌ನಲ್ಲಿ ನಾಕ್ ಸೆನ್ಸರ್ ಇತ್ತು, ಹೊಸ ಇಸಿಯುಗೆ ಅದನ್ನು ಜೋಡಿಸಿರಲಿಲ್ಲ. ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಮಾತ್ರ ಅದ್ಭುತವಾದ ಅಂಕಿ ತೋರಿಸುತ್ತಿತ್ತು. ಅದನ್ನು ನೋಡಿ ನೆಮ್ಮದಿಯಾಗಿದ್ದೆ. ಆ ಸೆನ್ಸರ್ ಹೇಳುವುದು ಗಾಳಿ ಮತ್ತು ಪೆಟ್ರೋಲ್ ಅನುಪಾತ. ಉರಿ ಯಾವಾಗ ಶುರುವಾಯಿತು ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ. ದಯವಿಟ್ಟು ಅದನ್ನು ಟೈಮಿಂಗ್‌ಗೆ ಸಾಕ್ಷಿ ಅಂತ ಇಟ್ಟುಕೊಳ್ಳಬೇಡಿ.

ಸೆಲ್ಫ್ ಒದೆಯುವುದಕ್ಕೆ ಬ್ಯಾಟರಿ ಕಾರಣ ಅಂದುಕೊಂಡು ದಪ್ಪ ಕೇಬಲ್ ಹಾಕಿದೆ. ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ಬಿಳಿ ಪಿಂಗಾಣಿಯ ಮೇಲೆ ಕರಿಮೆಣಸಿನ ಪುಡಿ ಉದುರಿಸಿದ ಹಾಗೆ ಸಣ್ಣ ಚುಕ್ಕೆಗಳಿದ್ದವು. ಪೆಟ್ರೋಲ್ ಸರಿಯಿಲ್ಲ ಅಂದುಕೊಂಡೆ. ಒಂದು ದಿನ ಪವರ್ ಇಳಿಯಿತು, ಆಯಿಲ್ ಡಿಪ್‌ಸ್ಟಿಕ್ ಕೊಳವೆಯಿಂದ ಹೊಗೆ ಬಂತು. ಹೆಡ್ ಬಿಚ್ಚಿ ಪಿಸ್ಟನ್ ಹೊರಗೆ ತೆಗೆದರೆ ಮೊದಲನೇ ಮತ್ತು ಎರಡನೇ ರಿಂಗ್ ನಡುವಿನ ಭಾಗ ಮುರಿದಿತ್ತು. ಆ ಚೂರು ಸಿಲಿಂಡರ್ ಗೋಡೆಯನ್ನೂ ಗೀರಿತ್ತು. ಬೋರ್ ಮಾಡಿಸಿ, ಎಲ್ಲ ಪಿಸ್ಟನ್ ಬದಲಿಸಿ ಮತ್ತೆ ಮೊದಲಿಂದ ಕಟ್ಟಬೇಕಾಯಿತು.

ಅದಕ್ಕೇ ಹೇಳುತ್ತೇನೆ, "ಎಷ್ಟು ಡಿಗ್ರಿ" ಅನ್ನುವ ಪ್ರಶ್ನೆ ಈಗಲೇ ಬೇಡ. ಸ್ಕ್ರೀನ್ ಮೇಲಿನ ಅಂಕಿ ಇಸಿಯುವಿನ ನಂಬಿಕೆ ಅಷ್ಟೇ. ಆ ನಂಬಿಕೆ ಮತ್ತು ಕ್ರ್ಯಾಂಕ್ ಒಂದೇ ಮಾತು ಆಡುವ ತನಕ ಯಾರ ಮ್ಯಾಪ್ ತಂದು ಹಾಕಿದರೂ ಅಪಾಯವೇ.

ಮೊದಲು ನಿಜವಾದ ಟಿಡಿಸಿ ಹುಡುಕಿ. ಬ್ಯಾಟರಿ ಕಳಚಿ, ಎಲ್ಲ ಪ್ಲಗ್ ತೆಗೆಯಿರಿ. ಒಂದನೇ ಸಿಲಿಂಡರ್‌ನ ಪ್ಲಗ್ ರಂಧ್ರಕ್ಕೆ ಪಿಸ್ಟನ್ ಸ್ಟಾಪ್ (ಪಿಸ್ಟನ್ ತುದಿ ಮುಟ್ಟದಂತೆ ತಡೆಯುವ ಬೋಲ್ಟ್) ತಿರುಗಿಸಿ ಕೂರಿಸಿ. ಕ್ರ್ಯಾಂಕನ್ನು ಕೈಯಿಂದ ಮೆಲ್ಲಗೆ ತಿರುಗಿಸಿ, ಪಿಸ್ಟನ್ ತಾಗಿದ ಕೂಡಲೇ ಸೂಚಿಯ ನೇರಕ್ಕೆ ಪುಲ್ಲಿ ಮೇಲೆ ಗುರುತು ಹಾಕಿ. ಆಮೇಲೆ ಹಿಂದಕ್ಕೆ ತಿರುಗಿಸಿ, ಇನ್ನೊಂದು ಕಡೆಯಿಂದ ತಾಗಿದಾಗ ಇನ್ನೊಂದು ಗುರುತು. ಎರಡರ ಸರಿ ಮಧ್ಯವೇ ಟಿಡಿಸಿ. ಹಳೇ ಗೀಟು ಅಲ್ಲೇ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಹೊಸ ಗೀಟು ಎಳೆಯಿರಿ. ಸ್ಟಾಪ್ ಒಳಗಿರುವಾಗ ಸೆಲ್ಫ್ ಹೊಡೆಯಲೇಬೇಡಿ. ಸ್ಕ್ರೂಡ್ರೈವರ್ ಇಳಿಬಿಟ್ಟು ಅದು ಎಲ್ಲಿ ನಿಲ್ಲುತ್ತದೆ ನೋಡುವ ವಿಧಾನ ನನಗೆ ಒಪ್ಪಿಗೆಯಿಲ್ಲ. ತುದಿಯ ಹತ್ತಿರ ಕ್ರ್ಯಾಂಕ್ ಕೆಲವು ಡಿಗ್ರಿ ತಿರುಗಿದರೂ ಪಿಸ್ಟನ್ ಅಲುಗಿದ್ದು ಕಾಣುವುದೇ ಇಲ್ಲ. ಪುಲ್ಲಿಯ ಹೊರ ಬಳೆ ರಬ್ಬರ್ ಮೇಲೆ ಕೂತಿದ್ದರೆ ಆ ರಬ್ಬರನ್ನೂ ನೋಡಿ. ಹಳೆಯದರಲ್ಲಿ ಬಳೆ ಜಾರಿ ಗೀಟು ಸರಿದಿರುವುದುಂಟು.

ಆಮೇಲೆ ಇಸಿಯುದಲ್ಲಿ ಟೈಮಿಂಗನ್ನು ಒಂದೇ ಅಂಕಿಗೆ ಲಾಕ್ ಮಾಡಿ. 10 ಆದರೂ ಸರಿ, 15 ಆದರೂ ಸರಿ. ಲಾಕ್ ಮಾಡದೆ ಲೈಟ್ ಹಿಡಿಯುವುದು ವ್ಯರ್ಥ, ಐಡ್ಲಿಂಗ್ ಹಿಡಿದಿಡಲು ಇಸಿಯು ತಾನೇ ಅಡ್ವಾನ್ಸ್ (ಕಿಡಿ ಎಷ್ಟು ಮೊದಲು ಅನ್ನುವ ಡಿಗ್ರಿ) ಏರಿಳಿಸುತ್ತಿರುತ್ತದೆ. ಗೀಟು ಹೊಂದದಿದ್ದರೆ ಟ್ರಿಗರ್ ಆಫ್‌ಸೆಟ್ (ಸೆನ್ಸರ್ ಸಂಕೇತಕ್ಕೂ ಟಿಡಿಸಿಗೂ ನಡುವಿನ ಡಿಗ್ರಿ) ಬದಲಿಸಿ, ಮ್ಯಾಪನ್ನಲ್ಲ. ಕೂಡಬೇಕೋ ಕಳೆಯಬೇಕೋ ಅನ್ನುವುದು ಇಸಿಯುವಿಂದ ಇಸಿಯುಗೆ ಬೇರೆ. 2 ಡಿಗ್ರಿ ಬದಲಿಸಿ, ಗೀಟು ಯಾವ ಕಡೆ ಹೋಯಿತು ನೋಡಿ, ಮುಂದುವರಿಯಿರಿ.

ಇಷ್ಟಕ್ಕೇ ನಿಲ್ಲಿಸಬೇಡಿ. ಲಾಕ್ ಇಟ್ಟುಕೊಂಡೇ 3000 ಆರ್‌ಪಿಎಂಗೆ ಏರಿಸಿ ಮತ್ತೆ ನೋಡಿ. ಗೀಟು ಕದಲಬಾರದು. 900 ಆರ್‌ಪಿಎಂನಲ್ಲಿ ಒಂದು ಮಿಲಿಸೆಕೆಂಡಿಗೆ ಕ್ರ್ಯಾಂಕ್ 5.4 ಡಿಗ್ರಿ ತಿರುಗುತ್ತದೆ, 6000ದಲ್ಲಿ 36 ಡಿಗ್ರಿ. ಸೆನ್ಸರ್‌ನಿಂದ ಕಾಯಿಲ್ ತನಕ ಎಲ್ಲಾದರೂ 0.1 ಮಿಲಿಸೆಕೆಂಡ್ ತಡವಾದರೆ ಐಡ್ಲಿಂಗ್‌ನಲ್ಲಿ ಅರ್ಧ ಡಿಗ್ರಿ, ಮೇಲೆ ಮೂರೂವರೆ ಡಿಗ್ರಿ ವ್ಯತ್ಯಾಸ. ಹಲವು ಇಸಿಯುಗಳಲ್ಲಿ ಈ ವಿಳಂಬಕ್ಕೆ ಪ್ರತ್ಯೇಕ ಸೆಟ್ಟಿಂಗ್ ಇರುತ್ತದೆ. ಗೀಟು ತುಂಬಾ ಓಡಾಡಿದರೆ ಮೊದಲು ವಿಆರ್ ಸೆನ್ಸರ್‌ನ (ಕ್ರ್ಯಾಂಕ್ ತಿರುಗುವುದನ್ನು ಓದುವ ಕಾಂತದ ಸೆನ್ಸರ್) ಎರಡು ವೈರ್ ಅದಲುಬದಲಾಗಿದೆಯಾ ನೋಡಿ. ಹಾಂ, ಟೈಮಿಂಗ್ ಲಾಕ್ ಆಗಿರುವಾಗ ತುಂಬಾ ಹೊತ್ತು ರೇಸ್ ಮಾಡಬೇಡಿ. ಆ ಆರ್‌ಪಿಎಂಗೆ 10 ಡಿಗ್ರಿ ಸಾಲದೆ ಎಕ್ಸಾಸ್ಟ್ ವಿಪರೀತ ಬಿಸಿಯಾಗುತ್ತದೆ.

ಇನ್ನು ಡಿಸ್ಟ್ರಿಬ್ಯೂಟರ್. ಕ್ರ್ಯಾಂಕ್ ಸೆನ್ಸರ್ ನೋಡಿ ಕಿಡಿ ಕೊಡುವ ಇಸಿಯು ಇದ್ದರೆ ಅದನ್ನು ತಿರುಗಿಸಿದರೂ ಟೈಮಿಂಗ್ ಬದಲಾಗುವುದಿಲ್ಲ. ಒಳಗೆ ತಿರುಗುವ ರೋಟರ್ ಯಾವ ಕಂಬದ (ಪ್ಲಗ್ ವೈರ್‌ಗೆ ಕಿಡಿ ಕೊಡುವ ತುದಿಯ) ಎದುರು ಇರುತ್ತದೆ ಅನ್ನುವುದು ಮಾತ್ರ ಬದಲಾಗುತ್ತದೆ. ಕಿಡಿ ಹಾರುವಾಗ ರೋಟರ್ ಸರಿಯಾದ ಕಂಬದ ಹತ್ತಿರ ಇರಬೇಕು, ಕಡಿಮೆ ಅಡ್ವಾನ್ಸ್‌ನಲ್ಲೂ ಜಾಸ್ತಿ ಅಡ್ವಾನ್ಸ್‌ನಲ್ಲೂ. ಇಲ್ಲದಿದ್ದರೆ ಕಿಡಿ ಪಕ್ಕದ ಕಂಬಕ್ಕೆ ಹಾರಿ ಮಿಸ್ ಹೊಡೆಯುತ್ತದೆ. ಸೆನ್ಸರ್ ಡಿಸ್ಟ್ರಿಬ್ಯೂಟರ್ ಒಳಗೇ ಇರುವ ಇಂಜಿನ್ ಕಥೆ ಬೇರೆ, ಅಲ್ಲಿ ತಿರುಗಿಸಿದರೆ ಟೈಮಿಂಗ್ ಬದಲಾಗುತ್ತದೆ. ಕಂಪನಿಯ ಇಸಿಯುವನ್ನೇ ಉಳಿಸಿಕೊಂಡಿದ್ದರೆ ಮೊದಲು ಅದನ್ನು ಬೇಸ್ ಟೈಮಿಂಗ್‌ಗೆ, ಅಂದರೆ ಇಸಿಯು ತಾನಾಗಿ ಏರಿಳಿಸದ ಸ್ಥಿತಿಗೆ ತರಬೇಕು. ಹಳೇ ಫೋರ್ಡ್‌ಗಳಲ್ಲಿ ಸ್ಪೌಟ್ ಕನೆಕ್ಟರ್ ಕೀಳುತ್ತಾರೆ, ಹಲವು ಟೊಯೋಟಾಗಳಲ್ಲಿ ಟಿಇ1 ಮತ್ತು ಇ1 ಪಿನ್ ಸೇರಿಸುತ್ತಾರೆ.

ನಿಮ್ಮ ಇಂಜಿನ್‌ನಲ್ಲಿ ಒಂದು ಕಾಯಿಲ್‌ಗೆ ಎರಡು ಸಿಲಿಂಡರ್ ಇದ್ದರೆ ಗುಂಡಿ ತಿರುಗಿಸಿ ಡಿಗ್ರಿ ಓದುವ ಲೈಟನ್ನು ನಂಬಬೇಡಿ. ಪ್ರತಿ ಸುತ್ತಿಗೂ ಕಿಡಿ ಹಾರುವುದರಿಂದ ಕೆಲವು ಲೈಟ್‌ಗಳು ಎರಡರಷ್ಟು ತೋರಿಸುತ್ತವೆ. ಗುಂಡಿ ಸೊನ್ನೆಗಿಟ್ಟು, ಪುಲ್ಲಿಯ ಮೇಲಿನ ಡಿಗ್ರಿ ಗುರುತಿನಿಂದಲೇ ಓದಿ.

ಇದೆಲ್ಲ ಹೊಂದಿದ ಮೇಲೆ ಲಾಕ್ ತೆಗೆದು, ಪೂರ್ತಿ ಲೋಡ್ ಇರುವ ಕಡೆ ಅಡ್ವಾನ್ಸ್ ಕಡಿಮೆ ಇಟ್ಟು ಶುರು ಮಾಡಿ. ನಾಕ್ ಸೆನ್ಸರ್ ಜೋಡಿಸಿ. ಏರಿಸಿದರೂ ಪವರ್ ಹೆಚ್ಚದಿದ್ದರೆ ಅಲ್ಲಿಗೇ ನಿಲ್ಲಿಸಿ, ನಾಕ್ ಬರುವ ತನಕ ಹೋಗುವ ಅಗತ್ಯ ಇಲ್ಲ. ನಿಮ್ಮ ಟ್ರಿಗರ್ ವೀಲ್ (ಸೆನ್ಸರ್ ಓದುವ ಹಲ್ಲಿನ ಚಕ್ರ) ಯಾವುದು ಅಂತ ನೀವು ಬರೆದಿಲ್ಲ. 36-1 (36 ಹಲ್ಲಿನ ಜಾಗದಲ್ಲಿ ಒಂದು ಇಲ್ಲದ್ದು) ಆದರೆ ಒಂದು ಹಲ್ಲು ತಪ್ಪಿದರೆ 10 ಡಿಗ್ರಿ, 60-2 ಆದರೆ 6 ಡಿಗ್ರಿ. ಪಿಸ್ಟನ್ ಸ್ಟಾಪ್ ಹಾಕಿ ನೋಡಿದಾಗ ಗೀಟು ಎಷ್ಟು ಸರಿದಿದೆ ಅಂತ ಅಳೆದು, ವೀಲ್‌ನ ಹೆಸರಿನ ಜೊತೆ ಕಾಮೆಂಟ್‌ನಲ್ಲಿ ಬರೆಯಿರಿ. ಅಲ್ಲಿಯವರೆಗೆ ಕಾರನ್ನು ರಸ್ತೆಗೆ ಇಳಿಸಬೇಡಿ.